ಕವಲೊಡೆದ ಇತಿಹಾಸದಲ್ಲಿ ಗಿಟ್ ಬೈಸೆಕ್ಟ್: ನಂಬುವ ಮೊದಲು ಒಮ್ಮೆ ಪರೀಕ್ಷಿಸಿ

ಕೋಡ್‌ನ ಇತಿಹಾಸ ಇಟ್ಟುಕೊಳ್ಳುವ ಗಿಟ್‌ನಲ್ಲಿ, ಬಗ್ ಯಾವ ಕಮಿಟ್‌ನಲ್ಲಿ (ಉಳಿಸಿದ ಒಂದು ಬದಲಾವಣೆ) ಬಂತು ಅಂತ ನಡುವಿಗೆ ಕತ್ತರಿಸುತ್ತಾ ಹುಡುಕುವ ಕಮಾಂಡ್ ಬೈಸೆಕ್ಟ್. ವರ್ಶನ್ 1.4 ಗುಡ್ (ಬಗ್ ಇಲ್ಲ), 1.5 ಬ್ಯಾಡ್ (ಬಗ್ ಇದೆ) ಅಂತ ಗಿಟ್‌ಗೆ ಹೇಳಿದಿರಿ. ಬೈಸೆಕ್ಟ್ ನಡುವಿನ ಒಂದು ಕಮಿಟ್‌ಗೆ ಕರೆದುಕೊಂಡು ಹೋಯಿತು. ಅಲ್ಲಿ ವರ್ಶನ್ ಫೈಲ್ ತೆರೆದು ನೋಡಿದರೆ 1.3 ಅಂತಿದೆ! ಇದೇನು, ನಾವು ಗುಡ್ ಎಂದದ್ದಕ್ಕಿಂತಲೂ ಹಿಂದಕ್ಕೆ ಹೋಯಿತಲ್ಲ? ಲಿನಕ್ಸ್ ಕರ್ನಲ್ ಬೈಸೆಕ್ಟ್ ಮಾಡಿದವರಿಗೆ ಇದು ಹಳೆಯ ಪರಿಚಯ. ಅಲ್ಲಿ ಮೇಕ್‌ಫೈಲ್‌ನ ವರ್ಶನ್ ನಂಬರ್ ಹೀಗೆ ಹಿಂದೆ ಮುಂದೆ ಕುಣಿಯುತ್ತಲೇ ಇರುತ್ತದೆ. ಹೊಸಬರು ಗಾಬರಿಯಾಗಿ ಬೈಸೆಕ್ಟ್ ಕೆಟ್ಟಿದೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಕೆಟ್ಟಿಲ್ಲ. ಇತಿಹಾಸ ನೇರವಾಗಿಲ್ಲ, ಅಷ್ಟೆ.

ಗಿಟ್ ಹುಟ್ಟಿದ 2005ರಲ್ಲೇ ಬೈಸೆಕ್ಟ್ ಕೂಡ ಬಂತು. ಇದನ್ನು ಹೇಳಿಕೊಡುವವರು ಸಾಮಾನ್ಯವಾಗಿ ಒಂದು ನೇರ ಗೆರೆ ಎಳೆದು, ನಡುವಿಗೆ ಕತ್ತರಿಸಿ ತೋರಿಸುತ್ತಾರೆ. ನಿಜವಾದ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರ್) ಬ್ರಾಂಚ್, ಅಂದರೆ ಕವಲುಗಳು ಇರುತ್ತವೆ, ಅವು ಮತ್ತೆ ಸೇರುವ ಮರ್ಜ್ ಇರುತ್ತವೆ. ಅಲ್ಲಿ ನಡು ಅಂದರೆ ಯಾವುದು? ಕೇಳಿ ತಿಳಿಯುವುದಕ್ಕಿಂತ ಒಂದು ಆಟಿಕೆ ರೆಪೊ ಕಟ್ಟಿ, ಅದರಲ್ಲಿ ನಾವೇ ತಪ್ಪಿತಸ್ಥನನ್ನು ಕೂರಿಸಿ, ಬೈಸೆಕ್ಟ್ ಅವನನ್ನೇ ಹಿಡಿಯುತ್ತದಾ ಅಂತ ನೋಡುವುದು ಒಳ್ಳೆಯದು. ಅರ್ಧ ಗಂಟೆ ಸಾಕು.

ಇಲ್ಲಿ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಟ್ಯಾಗ್ (ಕಮಿಟ್‌ಗೆ ಅಂಟಿಸುವ ಹೆಸರು), ಬ್ರಾಂಚ್ ಮತ್ತು ಸ್ಕ್ರಿಪ್ಟ್ ಹೆಸರು ಮಾತ್ರ ಕನ್ನಡದಲ್ಲೇ ಇರಲಿ. ಗಿಟ್‌ಗೆ ಅದರಿಂದ ಏನೂ ತೊಂದರೆಯಿಲ್ಲ.

ಮೊದಲು ರೆಪೊ ಕಟ್ಟೋಣ

ನಮಗೆ ಬೇಕಾದ ಆಕಾರ ಇದು:

ಕ1 — ಕ2 — ಕ3 — ಕ4 — ಕ9 — ಕ10 — ಕ11 (ಮೇನ್)
ಕ2 — ಕ5 — ಕ6 — ಕ7 — ಕ8 — ಕ9 (ಕವಲು)

ಅಂದರೆ ಕ2ರಲ್ಲಿ ದಾರಿ ಎರಡಾಗುತ್ತದೆ. ಒಂದು ಕಡೆ ಕ3, ಕ4. ಇನ್ನೊಂದು ಕಡೆ ಕ5ರಿಂದ ಕ8. ಎರಡೂ ಕ9ರಲ್ಲಿ ಮರ್ಜ್ ಆಗುತ್ತವೆ.

ಖಾಲಿ ಫೋಲ್ಡರ್‌ನಲ್ಲಿ ಗಿಟ್ ಇನಿಟ್ ಮಾಡಿ. ಪ್ರತಿ ಕಮಿಟ್‌ಗೂ ಈ ಎರಡು ಸಾಲು:

ಗಿಟ್ ಕಮಿಟ್ --ಅಲೋ-ಎಂಪ್ಟಿ -ಎಂ ಕ1
ಗಿಟ್ ಟ್ಯಾಗ್ ಕ1

ಫೈಲ್ ಏನೂ ಬೇಡ, ಖಾಲಿ ಕಮಿಟ್ ಸಾಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಇದೇ ರೀತಿ ಕ2, ಕ3, ಕ4 ಮಾಡಿ. ಆಮೇಲೆ ಕ2ರಿಂದ ಬ್ರಾಂಚ್ ತೆಗೆಯಿರಿ:

ಗಿಟ್ ಸ್ವಿಚ್ -ಸಿ ಕವಲು ಕ2

ಅದರ ಮೇಲೆ ಕ5ರಿಂದ ಕ8. ಮತ್ತೆ ಮೇನ್ ಬ್ರಾಂಚ್‌ಗೆ ಬಂದು:

ಗಿಟ್ ಮರ್ಜ್ --ನೋ-ಎಫ್‌ಎಫ್ -ಎಂ ಕ9 ಕವಲು

ಕ9 ಟ್ಯಾಗ್ ಹಾಕಿ, ಕ10 ಮತ್ತು ಕ11 ಮಾಡಿದರೆ ಮುಗಿಯಿತು. ಟ್ಯಾಗ್‌ಗೆ ಮೆಸೇಜ್ ಸೇರಿಸಬೇಡಿ. ಮೆಸೇಜ್ ಇರುವ ಟ್ಯಾಗ್‌ಗೆ ತನ್ನದೇ ಬೇರೆ ಹ್ಯಾಶ್ (ಗಿಟ್ ಕೊಡುವ ಗುರುತಿನ ಸಂಖ್ಯೆ) ಇರುತ್ತದೆ, ಆಮೇಲೆ ಹೋಲಿಸುವಾಗ ತಾಳೆಯಾಗುವುದಿಲ್ಲ. ಗಿಟ್ ಲಾಗ್ --ಒನ್‌ಲೈನ್ --ಗ್ರಾಫ್ ಹೊಡೆದು, ಬಂದ ಚಿತ್ರ ಮೇಲಿನ ಆಕಾರಕ್ಕೆ ಹೊಂದುತ್ತದಾ ನೋಡಿಕೊಳ್ಳಿ.

ನಡು ಯಾವುದು ಅಂತ ಕೈಯಲ್ಲೇ ಲೆಕ್ಕ ಹಾಕಿ

ಕ1 ಗುಡ್, ಕ11 ಬ್ಯಾಡ್ ಅನ್ನೋಣ. ಗಿಟ್ ಮೊದಲು ಶಂಕಿತರ ಪಟ್ಟಿ ಮಾಡುತ್ತದೆ. ಬ್ಯಾಡ್ ಕಮಿಟ್‌ನ ಪೂರ್ವಜರೆಲ್ಲ ಪಟ್ಟಿಯಲ್ಲಿ ಸೇರುತ್ತಾರೆ, ಬ್ಯಾಡ್ ಕೂಡ ಸೇರುತ್ತದೆ. ಅವರಲ್ಲಿ ಗುಡ್ ಕಮಿಟ್ ಮತ್ತು ಅದರ ಪೂರ್ವಜರನ್ನು ತೆಗೆದುಹಾಕುತ್ತದೆ. ಉಳಿದವರು ಕ2ರಿಂದ ಕ11, ಒಟ್ಟು 10.

ಈಗ ಪ್ರತಿಯೊಬ್ಬ ಶಂಕಿತನಿಗೂ ಒಂದು ಎಣಿಕೆ. ಅವನನ್ನೂ ಸೇರಿಸಿ, ಪಟ್ಟಿಯಲ್ಲಿ ಅವನ ಪೂರ್ವಜರು ಎಷ್ಟು ಮಂದಿ? ಕ2ಕ್ಕೆ 1. ಕ3ಕ್ಕೆ 2, ಕ4ಕ್ಕೆ 3. ಕ5ಕ್ಕೆ 2, ಯಾಕಂದರೆ ಅದರ ಹಿಂದೆ ಇರುವುದು ಕ2 ಮಾತ್ರ, ಕ3 ಮತ್ತು ಕ4 ಅಲ್ಲ. ಕ6ಕ್ಕೆ 3, ಕ7ಕ್ಕೆ 4, ಕ8ಕ್ಕೆ 5. ಮರ್ಜ್ ಆದ ಕ9ಕ್ಕೆ ಎರಡೂ ಕಡೆಯವರು ಸೇರಿ ಒಮ್ಮೆಲೇ 8. ಕ10ಕ್ಕೆ 9, ಕ11ಕ್ಕೆ 10.

ಈ ಎಣಿಕೆಯನ್ನು 10ರಿಂದ ಕಳೆಯಿರಿ. ಎಣಿಕೆ ಮತ್ತು ಉಳಿಕೆ, ಎರಡರಲ್ಲಿ ಚಿಕ್ಕದು ಯಾವುದೋ ಅದು ಆ ಕಮಿಟ್‌ನ ಅಂಕ. ಉತ್ತರ ಗುಡ್ ಬಂದರೂ ಬ್ಯಾಡ್ ಬಂದರೂ ಕನಿಷ್ಠ ಇಷ್ಟು ಮಂದಿಯಾದರೂ ಪಟ್ಟಿಯಿಂದ ಹೊರಗೆ ಹೋಗುತ್ತಾರೆ ಅಂತ ಅದರ ಅರ್ಥ. ಕ9ರ ಅಂಕ 2. ಕ4ರದ್ದು 3. ಕ8ರದ್ದು 5, ಅದೇ ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ಗಿಟ್ ಮೊದಲು ಕ8ಕ್ಕೆ ಹೋಗಲೇಬೇಕು. ನೋಡೋಣ:

ಗಿಟ್ ಬೈಸೆಕ್ಟ್ ಸ್ಟಾರ್ಟ್ ಕ11 ಕ1

ಬ್ಯಾಡ್ ಮೊದಲು, ಗುಡ್ ಆಮೇಲೆ. ಈ ಕ್ರಮ ಅದಲು ಬದಲಾಗದಿರಲಿ. ಈ ಪರೀಕ್ಷೆ ಆದಮೇಲೆ ಇನ್ನು 4 ಉಳಿಯುತ್ತವೆ, ಸುಮಾರು 2 ಹೆಜ್ಜೆ ಅಂತ ಗಿಟ್ ಹೇಳಿ ಕ8ರಲ್ಲಿ ನಿಲ್ಲುತ್ತದೆ. ಎಲ್ಲರ ಅಂಕ ಒಟ್ಟಿಗೆ ನೋಡಬೇಕಾ? ಗಿಟ್ ರೆವ್-ಲಿಸ್ಟ್ --ಬೈಸೆಕ್ಟ್-ಆಲ್ ಕ11 --ನಾಟ್ ಕ1 ಹೊಡೆಯಿರಿ. ಪ್ರತಿ ಹ್ಯಾಶ್ ಪಕ್ಕದಲ್ಲಿ ಡಿಸ್ಟ್ ಅಂತ ಅಂಕ ಇರುತ್ತದೆ, ದೊಡ್ಡದು ಮೇಲೆ. ನಿಮ್ಮ ಲೆಕ್ಕದ ಜೊತೆ ತಾಳೆ ನೋಡಿ.

ಇಲ್ಲಿ ಒಂದು ಕ್ಷಣ ನಿಲ್ಲಿ, ಎಲ್ಲ ಗೊಂದಲದ ಬೇರು ಇರುವುದು ಇಲ್ಲೇ. ಕ8 ಗುಡ್ ಅಂತ ಬಂದರೆ ಯಾರು ಯಾರು ನಿರ್ದೋಷಿ? ಕ2, ಕ5, ಕ6, ಕ7, ಕ8. ಕ3 ಮತ್ತು ಕ4 ಕ8ಕ್ಕಿಂತ ಮೊದಲೇ ಬರೆದವು, ನಂಬರ್ ಕೂಡ ಚಿಕ್ಕದು. ಆದರೂ ಅವುಗಳ ಮೇಲಿನ ಸಂಶಯ ಹೋಗುವುದಿಲ್ಲ. ಚಿಕ್ಕಪ್ಪ ನಮಗಿಂತ ಮೊದಲು ಹುಟ್ಟಿದವರೇ. ಆದರೆ ನಾವು ಅವರ ಮಕ್ಕಳಲ್ಲವಲ್ಲ. ಬೈಸೆಕ್ಟ್ ತಾರೀಖು ನೋಡುವುದಿಲ್ಲ, ವಂಶ ನೋಡುತ್ತದೆ.

ನೋಡಿಯಾದ ಮೇಲೆ ಗಿಟ್ ಬೈಸೆಕ್ಟ್ ರೀಸೆಟ್ ಹೊಡೆದು ಹೊರಗೆ ಬನ್ನಿ.

ತಪ್ಪಿತಸ್ಥನನ್ನು ಕೂರಿಸುವುದು

ಈಗ ನಿಜವಾದ ಪರೀಕ್ಷೆ. ಬಗ್ ಬರೆದು ಕಮಿಟ್ ಮಾಡುವ ಅಗತ್ಯವೇ ಇಲ್ಲ. ಒಂದು ಕಮಿಟ್‌ನಲ್ಲಿ ಬಗ್ ಬಂದರೆ ಅದರ ವಂಶದವರೆಲ್ಲ ಕೆಟ್ಟಿರುತ್ತಾರೆ, ಮಿಕ್ಕವರು ಸರಿಯಿರುತ್ತಾರೆ. ಇದನ್ನೇ ಗಿಟ್‌ನ ಹತ್ತಿರ ಕೇಳಿದರಾಯಿತು: ಈಗ ನಿಂತಿರುವ ಕಮಿಟ್ ಈ ತಪ್ಪಿತಸ್ಥನ ವಂಶದ್ದೇ? ಕೇಳುವ ಕಮಾಂಡ್ ಹೀಗಿದೆ:

ಗಿಟ್ ಮರ್ಜ್-ಬೇಸ್ --ಈಸ್-ಆನ್ಸೆಸ್ಟರ್ $1 ಹೆಡ್

ಹೌದಾದರೆ ಎಕ್ಸಿಟ್ ಕೋಡ್ (ಕಮಾಂಡ್ ಮುಗಿಯುವಾಗ ಕೊಡುವ ಸಂಖ್ಯೆ) 0, ಅಲ್ಲವಾದರೆ 1. ನಮಗೆ ಇದು ತಿರುವುಮುರುವಾಗಿ ಬೇಕು, ಯಾಕಂದರೆ ಪ್ರತಿ ಹೆಜ್ಜೆಯಲ್ಲೂ ಸ್ಕ್ರಿಪ್ಟನ್ನು ತಾನೇ ಓಡಿಸುವ ಬೈಸೆಕ್ಟ್ ರನ್ 0 ಅನ್ನು ಗುಡ್ ಎಂದು ಓದುತ್ತದೆ. 1ರಿಂದ 127ರವರೆಗೆ ಬ್ಯಾಡ್. ಅದರಲ್ಲಿ 125 ಮಾತ್ರ ಬೇರೆ, ಅದು ಸ್ಕಿಪ್, ಅಂದರೆ ಈ ಕಮಿಟ್ ಪರೀಕ್ಷಿಸಲು ಆಗುವುದಿಲ್ಲ. 127ಕ್ಕಿಂತ ಮೇಲಿದ್ದರೆ ಬೈಸೆಕ್ಟ್ ಅಲ್ಲೇ ನಿಂತುಬಿಡುತ್ತದೆ.

ರೆಪೊದ ಹೊರಗೆ, ಒಂದು ಫೋಲ್ಡರ್ ಮೇಲೆ, ಪರೀಕ್ಷೆ ಅನ್ನುವ ಹೆಸರಿನ ಸ್ಕ್ರಿಪ್ಟ್ ಬರೆಯಿರಿ. ಮೊದಲ ಸಾಲು ಮೇಲಿನ ಕಮಾಂಡ್. ಎರಡನೆಯದು ಒಂದು ಕೇಸ್: ಬಂದ ಕೋಡ್ 0 ಆದರೆ ಎಕ್ಸಿಟ್ 1, 1 ಆದರೆ ಎಕ್ಸಿಟ್ 0, ಬೇರೆ ಏನು ಬಂದರೂ ಎಕ್ಸಿಟ್ 200.

ಆ ಕೊನೆಯ 200 ಸುಮ್ನೆ ಇಟ್ಟದ್ದಲ್ಲ. ಟ್ಯಾಗ್ ಹೆಸರು ತಪ್ಪಾಗಿ ಹೊಡೆದರೆ ಮರ್ಜ್-ಬೇಸ್ 128 ಕೊಡುತ್ತದೆ. ಅದನ್ನು ಹಿಡಿಯದೆ, ಪೂರ್ವಜ ಅಲ್ಲವಾದರೆ ಗುಡ್ ಅಂತ ಒಂದೇ ಸಾಲಿನಲ್ಲಿ ಬರೆದರೆ ಎಲ್ಲ ಕಮಿಟ್‌ಗಳೂ ಗುಡ್ ಆಗುತ್ತವೆ. ಬೈಸೆಕ್ಟ್ ಗಂಭೀರವಾಗಿ ಕ11ನ್ನೇ ತೋರಿಸಿ ಕೆಲಸ ಮುಗಿಯಿತು ಅನ್ನುತ್ತದೆ. ಆಫೀಸಿನ ರೆಪೊದಲ್ಲೂ ಇದನ್ನು ನೆನಪಿಡಿ. ಉತ್ತರವಾಗಿ ನೀವು ಕೊಟ್ಟ ಬ್ಯಾಡ್ ಕಮಿಟ್ಟೇ ವಾಪಸ್ ಬಂದರೆ ಮೊದಲು ಸ್ಕ್ರಿಪ್ಟ್ ಮೇಲೆ ಸಂಶಯಪಡಿ.

ಕ6 ತಪ್ಪಿತಸ್ಥ ಅಂತ ಇಟ್ಟುಕೊಂಡು ಓಡಿಸಿ:

ಗಿಟ್ ಬೈಸೆಕ್ಟ್ ಸ್ಟಾರ್ಟ್ ಕ11 ಕ1
ಗಿಟ್ ಬೈಸೆಕ್ಟ್ ರನ್ ಎಸ್‌ಎಚ್ ../ಪರೀಕ್ಷೆ ಕ6

ಕ8 ಬ್ಯಾಡ್ ಬರುತ್ತದೆ. ಕ3, ಕ4, ಕ9, ಕ10, ಕ11 ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ. ಉಳಿದದ್ದು ನೇರ ಗೆರೆ, ಅಲ್ಲಿ ಕ6 ಸಿಗುತ್ತದೆ. ರೀಸೆಟ್ ಮಾಡಿ, ಈಗ ಕ4 ಇಟ್ಟು ಓಡಿಸಿ. ಕ8 ಗುಡ್ ಬರುತ್ತದೆ, ಶಂಕಿತರು ಕ3, ಕ4, ಕ9, ಕ10, ಕ11. ಅಲ್ಲಿಂದ ಕ4 ಸಿಗುತ್ತದೆ. ಕ9 ಇಟ್ಟರೆ ಮರ್ಜ್ ಕಮಿಟ್ಟೇ ಸಿಗುತ್ತದೆ.

ಒಂದೊಂದಾಗಿ ಮಾಡುವ ಬದಲು ಲೂಪ್ ಹಾಕುವುದು ವಾಸಿ. ಕ2ರಿಂದ ಕ11ರವರೆಗೆ ಪ್ರತಿಯೊಂದಕ್ಕೂ ಸ್ಟಾರ್ಟ್, ರನ್, ಹೋಲಿಕೆ, ರೀಸೆಟ್. ಬೈಸೆಕ್ಟ್ ಮುಗಿದಾಗ ಉತ್ತರ ರೆಫ್ಸ್/ಬೈಸೆಕ್ಟ್/ಬ್ಯಾಡ್ ಅನ್ನುವ ಜಾಗದಲ್ಲಿ ಇರುತ್ತದೆ. ರೀಸೆಟ್‌ಗೆ ಮೊದಲು ಅದರ ರೆವ್-ಪಾರ್ಸ್ (ಪೂರ್ತಿ ಹ್ಯಾಶ್) ತೆಗೆದು, ಟ್ಯಾಗ್‌ನ ರೆವ್-ಪಾರ್ಸ್ ಜೊತೆ ಹೋಲಿಸಿ. ಹತ್ತಕ್ಕೆ ಹತ್ತೂ ಸರಿ ಬರಬೇಕು. ಬರದಿದ್ದರೆ ಗಿಟ್ ಅಲ್ಲ, ನಿಮ್ಮ ಗ್ರಾಫ್ ತಪ್ಪಾಗಿ ಕಟ್ಟಿದೆ ಅಂದುಕೊಳ್ಳಿ.

ಆಮೇಲೆ ಆಕಾರ ಬದಲಿಸಿ ಆಡಿ. ಒಂದು ಬ್ರಾಂಚ್ ಎರಡು ಸಲ ಮರ್ಜ್ ಆದದ್ದು, ಮೇನ್ ಅನ್ನು ಬ್ರಾಂಚ್‌ಗೆ ಎಳೆದುಕೊಂಡದ್ದು, ಹೀಗೆ. ಸ್ಕ್ರಿಪ್ಟ್ ಅದೇ ನಡೆಯುತ್ತದೆ.

ಒಂದೇ ಬಗ್, ಎರಡು ಬಾಗಿಲು

ಒಂದೇ ತಪ್ಪನ್ನು ಎರಡೂ ಕಡೆ ಚೆರಿ-ಪಿಕ್ (ಒಂದು ಕಮಿಟ್‌ನ ನಕಲು) ಮಾಡಿರುತ್ತಾರೆ, ಇದು ತುಂಬಾ ಸಾಮಾನ್ಯ. ಸ್ಕ್ರಿಪ್ಟನ್ನು ಸ್ವಲ್ಪ ತಿದ್ದಿ, ಎರಡು ಟ್ಯಾಗ್ ತೆಗೆದುಕೊಂಡು ಯಾವುದಾದರೂ ಒಂದು ಪೂರ್ವಜ ಆದರೂ ಬ್ಯಾಡ್ ಅನ್ನುವ ಹಾಗೆ ಮಾಡಿ. ಕ3 ಮತ್ತು ಕ6 ಕೊಡಿ.

ಕ8 ಬ್ಯಾಡ್. ಆ ಕೂಡಲೇ ಕ3 ಪಟ್ಟಿಯಿಂದ ಹೊರಗೆ, ಅದು ಕ8ರ ಪೂರ್ವಜ ಅಲ್ಲವಲ್ಲ. ಕ6 ಸಿಗುತ್ತದೆ. ಕ3ರ ಸುದ್ದಿಯೇ ಬರುವುದಿಲ್ಲ. ಬೈಸೆಕ್ಟ್ ಸುಳ್ಳು ಹೇಳಲಿಲ್ಲ. ಒಬ್ಬ ತಪ್ಪಿತಸ್ಥನನ್ನು ಕೇಳಿದಿರಿ, ಒಬ್ಬನನ್ನು ಕೊಟ್ಟಿತು. ಹಾಗಾಗಿ ಸಿಕ್ಕಿದ ಕಮಿಟ್ ರಿವರ್ಟ್ (ರದ್ದು) ಮಾಡಿದ ಮೇಲೂ ಬಗ್ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ಕಡೆಯ ತುದಿ, ಅಂದರೆ ಇಲ್ಲಿ ಕ4, ಬ್ಯಾಡ್ ಎಂದು ಹೇಳಿ ಮತ್ತೊಮ್ಮೆ ಬೈಸೆಕ್ಟ್ ಮಾಡಿ.

ಗುಡ್ ಒಂದು ಕವಲಲ್ಲಿ, ಬ್ಯಾಡ್ ಇನ್ನೊಂದರಲ್ಲಿ

ರಿಲೀಸ್ ಬ್ರಾಂಚ್‌ನಲ್ಲಿ ಸರಿಯಿದೆ, ಮೇನ್‌ನಲ್ಲಿ ಕೆಟ್ಟಿದೆ. ಆಗ ಗುಡ್ ಕಮಿಟ್ ಬ್ಯಾಡ್‌ನ ಪೂರ್ವಜನೇ ಅಲ್ಲ. ನಮ್ಮ ರೆಪೊದಲ್ಲಿ ಕ4 ಗುಡ್, ಕ8 ಬ್ಯಾಡ್ ಎಂದು ಕೊಟ್ಟು ನೋಡಿ. ಗಿಟ್ ನೇರವಾಗಿ ನಡುವಿಗೆ ಹೋಗುವುದಿಲ್ಲ. ಮೊದಲು ಮರ್ಜ್ ಬೇಸ್ ಪರೀಕ್ಷೆಯಾಗಬೇಕು ಅಂತ ಹೇಳಿ ಕ2ಕ್ಕೆ ಹೋಗುತ್ತದೆ. ಎರಡು ದಾರಿ ಬೇರೆಯಾದ ಜಾಗ ಅದು.

ಕ2 ಗುಡ್ ಆದರೆ ಸರಿ, ಹುಡುಕಾಟ ಕ5ರಿಂದ ಕ8ರೊಳಗೆ ನಡೆಯುತ್ತದೆ. ಕ2 ಬ್ಯಾಡ್ ಆದರೆ? ಬಗ್ ಮೊದಲಿನಿಂದಲೂ ಇತ್ತು, ಯಾರೋ ಕ3 ಅಥವಾ ಕ4ರಲ್ಲಿ ಸರಿಮಾಡಿದ್ದಾರೆ, ಕವಲಿಗೆ ಆ ತಿದ್ದುಪಡಿ ತಲುಪಿಲ್ಲ ಅಂತ ಅರ್ಥ. ಗಿಟ್ ಇದನ್ನೇ ಹೇಳಿ ನಿಂತುಬಿಡುತ್ತದೆ. ಇದು ಎರರ್ ಅಲ್ಲ, ಒಳ್ಳೆಯ ಸುದ್ದಿ: ಫಿಕ್ಸ್ ಈಗಾಗಲೇ ಇದೆ. ಅದನ್ನು ಹುಡುಕಲು ಗುಡ್-ಬ್ಯಾಡ್ ಬದಲು ಓಲ್ಡ್-ನ್ಯೂ ಬಳಸಿ. ಕ2 ಓಲ್ಡ್, ಕ4 ನ್ಯೂ. ಸರಿಯಾಗಿರುವುದನ್ನು ಬ್ಯಾಡ್ ಎಂದು ಕರೆಯುವ ತಲೆನೋವು ತಪ್ಪುತ್ತದೆ.

ಮರ್ಜ್ ಮೇಲೆ ಬೊಟ್ಟು ಮಾಡಿದರೆ

ಎಲ್ಲರೂ ಸುಸ್ತಾಗುವುದು ಇಲ್ಲಿ. ಕ4 ಗುಡ್, ಕ8 ಗುಡ್, ಕ9 ಬ್ಯಾಡ್. ಮರ್ಜ್‌ನಲ್ಲಿ ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಎರಡು ಬದಲಾವಣೆಯ ಘರ್ಷಣೆ) ಕೂಡ ಇರಲಿಲ್ಲ. ಹೇಗೆ ಸಾಧ್ಯ?

ಒಂದು ಉದಾಹರಣೆ. ಟಿಕೆಟ್ ದರ ಕೊಡುವ ಒಂದು ಫಂಕ್ಷನ್ ರೂಪಾಯಿಯಲ್ಲಿ ಉತ್ತರ ಕೊಡುತ್ತಿತ್ತು. ಕ4ರಲ್ಲಿ ಒಬ್ಬರು ಅದನ್ನು ಪೈಸೆಗೆ ಬದಲಿಸಿ, ಅದನ್ನು ಕರೆಯುವ ಎಲ್ಲ ಕಡೆ ತಿದ್ದಿದರು. ಅತ್ತ ಕವಲಿನ ಕ6ರಲ್ಲಿ ಇನ್ನೊಬ್ಬರು ಹೊಸ ಫೈಲ್‌ನಲ್ಲಿ ಅದೇ ಫಂಕ್ಷನ್ ಕರೆದರು, ರೂಪಾಯಿ ಅಂದುಕೊಂಡೇ. ಇಬ್ಬರ ಕೋಡೂ ಅವರವರ ಕಡೆ ಸರಿ. ಬೇರೆ ಬೇರೆ ಫೈಲ್, ಗಿಟ್ ತಕರಾರಿಲ್ಲದೆ ಸೇರಿಸಿತು. ಈಗ 25 ರೂಪಾಯಿ ಟಿಕೆಟ್‌ಗೆ 2500 ರೂಪಾಯಿ ತೋರಿಸುತ್ತಿದೆ.

ಬೈಸೆಕ್ಟ್ ಕ9 ಅಂದದ್ದು ಸರಿ. ಆದರೆ ಕವಲಿನಲ್ಲಿ ನೂರು ಕಮಿಟ್ ಇದ್ದರೆ ಆ ಉತ್ತರ ಇಟ್ಟುಕೊಂಡು ಏನು ಮಾಡುವುದು? ಕವಲನ್ನು ತಾತ್ಕಾಲಿಕವಾಗಿ ನೇರ ಮಾಡಿ:

ಗಿಟ್ ಸ್ವಿಚ್ --ಡಿಟ್ಯಾಚ್ ಕ8
ಗಿಟ್ ರೀಬೇಸ್ ಕ4
ಗಿಟ್ ಬೈಸೆಕ್ಟ್ ಸ್ಟಾರ್ಟ್ ಹೆಡ್ ಕ4

ಈಗ ಕವಲಿನ ಪ್ರತಿ ಕಮಿಟ್‌ನ ನಕಲೂ ಕ4ರ ಮೇಲೆ ಕೂತಿದೆ. ಬೈಸೆಕ್ಟ್ ಕ6ರ ನಕಲನ್ನು ಹಿಡಿದುಕೊಡುತ್ತದೆ, ಪೈಸೆ-ರೂಪಾಯಿ ಜಗಳ ಶುರುವಾದ ಕಮಿಟ್ ಅದೇ. ಯಾವ ಬ್ರಾಂಚೂ ಬದಲಾಗುವುದಿಲ್ಲ, ಮುಗಿದ ಮೇಲೆ ರೀಸೆಟ್ ಮಾಡಿ ಮೇನ್‌ಗೆ ಮರಳಿದರೆ ಸರಿ. ಇದನ್ನು ನಿಜವಾದ ಕೋಡ್ ಇರುವ ರೆಪೊದಲ್ಲೇ ಮಾಡಬೇಕು. ನಮ್ಮ ಖಾಲಿ ಕಮಿಟ್‌ಗಳ ಆಟಿಕೆಯಲ್ಲಿ ವಂಶ ಮಾತ್ರ ಇದೆ, ಜಗಳವಾಡಲು ಕೋಡ್ ಇಲ್ಲ.

ರೀಬೇಸ್‌ನಲ್ಲಿ ಕಾನ್‌ಫ್ಲಿಕ್ಟ್ ಜಾಸ್ತಿ ಬಂದರೆ ಇನ್ನೊಂದು ದಾರಿ ಇದೆ. ಕ8 ತುದಿಯಿಂದ ಕ2ರವರೆಗೆ ಬೈಸೆಕ್ಟ್ ಮಾಡಿ, ರನ್ ಸ್ಕ್ರಿಪ್ಟ್‌ನ ಒಳಗೇ ಪ್ರತಿ ಸಲ ಕ4ನ್ನು --ನೋ-ಕಮಿಟ್ --ನೋ-ಎಫ್‌ಎಫ್ ಹಾಕಿ ಮರ್ಜ್ ಮಾಡಿ, ಟೆಸ್ಟ್ ಓಡಿಸಿ, ಹಾರ್ಡ್ ರೀಸೆಟ್ ಮಾಡಿ ಹೊರಬನ್ನಿ. ಮರ್ಜ್ ಆಗದಿದ್ದರೆ ಅಲ್ಲೂ ಹಾರ್ಡ್ ರೀಸೆಟ್ ಮಾಡಿ 125 ಕೊಡಿ.

ಬರೀ ಮೇನ್ ಗೆರೆ ಸಾಕು ಅನ್ನುವವರಿಗೆ

ಕೆಲವರ ಬ್ರಾಂಚ್‌ಗಳಲ್ಲಿ ಅರ್ಧ ಕಮಿಟ್ ಬಿಲ್ಡೇ ಆಗುವುದಿಲ್ಲ. ಅಂಥ ಕಡೆ 2020ರ ಅಕ್ಟೋಬರ್‌ನಲ್ಲಿ ಬಂದ ಗಿಟ್ 2.29ರಿಂದ ಒಂದು ಸೌಕರ್ಯ ಇದೆ:

ಗಿಟ್ ಬೈಸೆಕ್ಟ್ ಸ್ಟಾರ್ಟ್ --ಫಸ್ಟ್-ಪೇರೆಂಟ್ ಕ11 ಕ1

ಪ್ರತಿ ಮರ್ಜ್‌ನ ಮೊದಲ ಪೇರೆಂಟ್ (ಇಲ್ಲಿ ಮೇನ್ ಕಡೆಯ ಹಿಂದಿನ ಕಮಿಟ್) ಮಾತ್ರ ಹಿಡಿದು ಹೋಗುತ್ತದೆ. ಶಂಕಿತರು ಕ2, ಕ3, ಕ4, ಕ9, ಕ10, ಕ11 ಅಷ್ಟೆ. ತಪ್ಪಿತಸ್ಥ ಕ6 ಇಟ್ಟು ಓಡಿಸಿದರೆ ಉತ್ತರ ಕ9, ಅಂದರೆ ಬಗ್ ಈ ಮರ್ಜ್ ಜೊತೆ ಒಳಗೆ ಬಂತು ಅಂತ. ಯಾವ ಪುಲ್ ರಿಕ್ವೆಸ್ಟ್ (ಕವಲನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಾರಣ ಅಂತ ತಿಳಿಯಲು ಇದು ಸಾಕು, ವೇಗವಾಗಿಯೂ ಮುಗಿಯುತ್ತದೆ. ನನ್ನ ಮಟ್ಟಿಗೆ ದೊಡ್ಡ ರೆಪೊದಲ್ಲಿ ಮೊದಲು ಇದನ್ನು ಮಾಡಿ, ಆಮೇಲೆ ಸಿಕ್ಕಿದ ಕವಲಿನ ಒಳಗೆ ಇನ್ನೊಂದು ಬೈಸೆಕ್ಟ್ ಮಾಡುವುದೇ ಚೆನ್ನ. ಸ್ಕ್ವಾಷ್ ಮರ್ಜ್ (ಕವಲಿನ ಕಮಿಟ್‌ಗಳನ್ನೆಲ್ಲ ಒಂದೇ ಮಾಡಿ ಸೇರಿಸುವುದು) ಮಾಡುವವರಿಗೆ ಈ ಎರಡನೇ ಹಂತ ಸಿಗುವುದಿಲ್ಲ, ಮೇನ್ ಇತಿಹಾಸದಲ್ಲಿ ಕವಲೇ ಉಳಿದಿರುವುದಿಲ್ಲ. ಇತಿಹಾಸ ಚೊಕ್ಕಟ ಕಾಣಲಿ ಅಂತ ಸ್ಕ್ವಾಷ್ ಮಾಡುವ ಮೊದಲು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಿಜವಾದ ರೆಪೊಗೆ ಹೋಗುವ ಮುನ್ನ

ಮೊದಲ ಪ್ಯಾರಾದ 1.3 ಒಗಟು ಈಗ ಬಿಡಿಸಬಹುದು. ಕ4 ಗುಡ್, ಕ11 ಬ್ಯಾಡ್ ಎಂದು ಕೊಟ್ಟು ನೋಡಿ. ಶಂಕಿತರಲ್ಲಿ ಕ5 ಇದೆ. ಅದು ಹುಟ್ಟಿದ್ದು ಕ2ರಿಂದ, ಹಾಗಾಗಿ ಕ3, ಕ4ರ ಕೋಡ್ ಅದರಲ್ಲಿ ಇಲ್ಲವೇ ಇಲ್ಲ. ಇದರಿಂದ ಒಂದು ಅಪಾಯ: ನಿಮ್ಮ ಟೆಸ್ಟ್ ನೋಡುವ ಫೀಚರ್ ಕ4ರಲ್ಲಿ ಬಂದಿದ್ದರೆ, ಕವಲಿನ ಕಮಿಟ್‌ಗಳಲ್ಲಿ ಟೆಸ್ಟ್ ಫೇಲ್ ಆಗುತ್ತದೆ, ಬಗ್‌ನಿಂದಲ್ಲ, ಫೀಚರ್ ಇಲ್ಲದ್ದರಿಂದ. ಬೈಸೆಕ್ಟ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಪಾಪದ ಕ5 ಮೇಲೆ ತಪ್ಪು ಬೀಳುತ್ತದೆ. ಸ್ಕ್ರಿಪ್ಟ್‌ನಲ್ಲಿ ಮೊದಲು ಫೀಚರ್ ಇದೆಯಾ ನೋಡಿ. ಇಲ್ಲದಿದ್ದರೆ 125. ಬಿಲ್ಡ್ ಫೇಲ್ ಆದರೂ 125.

ಸ್ಕಿಪ್ ಪುಕ್ಕಟೆ ಅಲ್ಲ. ಕ5, ಕ6, ಕ7 ಮೂರೂ ಸ್ಕಿಪ್ ಆಗಿ ಕ8 ಬ್ಯಾಡ್ ಆದರೆ, ಈ ನಾಲ್ಕರಲ್ಲಿ ಯಾವುದೋ ಒಂದು ಅಂತ ಗಿಟ್ ಪಟ್ಟಿ ಕೊಟ್ಟು ಕೈಚೆಲ್ಲುತ್ತದೆ. ಆ ಪಟ್ಟಿಯೂ ಉಪಯೋಗದ್ದೇ, ನಾಲ್ಕು ಡಿಫ್ ಕಣ್ಣಲ್ಲೇ ಓದಬಹುದು.

ಕವಲಿನಿಂದ ಕವಲಿಗೆ ಹಾರುವಾಗ ಹಳೆಯ ಬಿಲ್ಡ್ ಫೈಲ್‌ಗಳು ಉಳಿದು ಟೆಸ್ಟ್ ಫಲಿತಾಂಶ ಕೆಡಿಸುತ್ತವೆ. ಗಿಟ್ ಕ್ಲೀನ್ ಹೊಡೆದರೆ ಹೋಗುತ್ತವೆ, ಆದರೆ -ಎಫ್‌ಡಿಎಕ್ಸ್ ಹಾಕಿದರೆ ನಿಮ್ಮ ಸೆಟ್ಟಿಂಗ್ಸ್ ಫೈಲ್‌ಗಳೂ ಜೊತೆಗೆ ಹೋಗಬಹುದು. ಗಿಟ್ ವರ್ಕ್‌ಟ್ರೀ ಆಡ್ ಮಾಡಿ ಬೇರೆ ಫೋಲ್ಡರ್‌ನಲ್ಲಿ ಬೈಸೆಕ್ಟ್ ನಡೆಸುವುದು ಸುರಕ್ಷಿತ. ನಿಮ್ಮ ಎಂದಿನ ಕೆಲಸ ಈ ಕಡೆ ನಡೆಯುತ್ತಲೇ ಇರುತ್ತದೆ. ಸಿಐ (ಟೆಸ್ಟ್ ತಾನಾಗಿ ಓಡಿಸುವ) ಸರ್ವರ್‌ನಲ್ಲಿ ಓಡಿಸುವುದಾದರೆ ಕ್ಲೋನ್ (ರೆಪೊದ ಪ್ರತಿ) ಎಷ್ಟು ಆಳದ್ದು ಅಂತ ನೋಡಿ. ಡೆಪ್ತ್ 1 ಇದ್ದರೆ ಪೂರ್ವಜರೇ ಇಲ್ಲ, ಮೊದಲು ಗಿಟ್ ಫೆಚ್ --ಅನ್‌ಶ್ಯಾಲೋ ಮಾಡಿ.

ಕೈಯಲ್ಲಿ ಗುರುತು ಹಾಕುತ್ತಾ ಹೋಗುವಾಗ ಒಂದು ಕಡೆ ತಪ್ಪಾಗಿ ಗುಡ್ ಅಂದುಬಿಟ್ಟರೆ ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ. ಗಿಟ್ ಬೈಸೆಕ್ಟ್ ಲಾಗ್ ಅನ್ನು ಒಂದು ಫೈಲ್‌ಗೆ ಉಳಿಸಿ, ತಪ್ಪು ಸಾಲು ಮತ್ತು ಅದರ ಕೆಳಗಿನದ್ದೆಲ್ಲ ಅಳಿಸಿ, ರೀಸೆಟ್ ಮಾಡಿ, ರೀಪ್ಲೇ ಕೊಡಿ.

ಗಿಟ್‌ನಂಥದ್ದೇ ಇನ್ನೊಂದು ಸಾಧನವಾದ ಮರ್ಕ್ಯುರಿಯಲ್ ಬಳಸುವವರಿಗೆ ಒಂದು ಮಾತು. ಅದರ ಬೈಸೆಕ್ಟ್ ಶಂಕಿತರನ್ನು ಬೇರೆ ರೀತಿ ಆರಿಸುತ್ತದೆ: ಗುಡ್‌ನ ವಂಶದವರಾಗಿರಬೇಕು, ಬ್ಯಾಡ್‌ನ ಪೂರ್ವಜರೂ ಆಗಿರಬೇಕು. ನಮ್ಮದೇ ಗ್ರಾಫ್‌ನಲ್ಲಿ ಕ4 ಗುಡ್, ಕ11 ಬ್ಯಾಡ್ ಆದರೆ ಗಿಟ್‌ನ ಪಟ್ಟಿಯಲ್ಲಿ ಕ5ರಿಂದ ಕ11 ಇರುತ್ತವೆ, ಮರ್ಕ್ಯುರಿಯಲ್‌ನ ಪಟ್ಟಿಯಲ್ಲಿ ಕ9, ಕ10, ಕ11 ಮಾತ್ರ. ಬಗ್ ಕ6ರಲ್ಲಿದ್ದರೆ ಅದು ಕ9 ಅನ್ನುತ್ತದೆ. ಜೊತೆಗೆ, ಎಲ್ಲ ಪೂರ್ವಜರನ್ನು ಪರೀಕ್ಷಿಸಿಲ್ಲ, --ಎಕ್ಸ್‌ಟೆಂಡ್ ಕೊಟ್ಟು ಮುಂದುವರಿಸಿ ಅಂತಲೂ ಹೇಳುತ್ತದೆ. ಆ ಸಾಲನ್ನು ಓದದೆ ಟರ್ಮಿನಲ್ ಮುಚ್ಚಬೇಡಿ. ಎಕ್ಸ್‌ಟೆಂಡ್ ಕೊಟ್ಟರೆ ಕ2ಕ್ಕೆ ಹೋಗಿ, ಅಲ್ಲಿಂದ ಕವಲಿನ ಒಳಗೆ ಹುಡುಕಾಟ ಮುಂದುವರಿಯುತ್ತದೆ.